ಚಪ್ಪಲಿ ಬಿಡುವ ಜಾಗ

ಜಾಬಿರ್ ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಬಿಡಿಸಬಾರದಿತ್ತು. ಬಿಡಿಸಿದ. ಒಂದು ಮೂಲೆಗೆ ಬಂಗುಡೆ ಪುಳಿಮುಂಚಿಯ ಪಾತ್ರೆ, ಇನ್ನೊಂದು ಮೂಲೆಗೆ ನೀರಿನ ಚೊಂಬು ಭಾರಕ್ಕಿಟ್ಟು, ಮದುವೆಯ ಆಲ್ಬಮ್ ತೋರಿಸುವವನ ಹಾಗೆ ಎಲ್ಲರನ್ನೂ ಕರೆದ.

"ನೋಡಿ ಬಾಪಾ, ಇದು ಕಮಾನು. ಇದು ಸೆಲ್ಫಿ ಪಾಯಿಂಟ್. ಇಲ್ಲಿ ಟಿಕೆಟ್ ಕೌಂಟರ್. ಇಷ್ಟಕ್ಕೂ ಇಂಟರ್‌ಲಾಕ್ ಹಾಕುದು ನಮ್ಮ ಕೆಲಸ."

ಅಪ್ಪ ಇದ್ರೀಸ್ ಕನ್ನಡಕ ಏರಿಸಿಕೊಂಡರು. ಅರುವತ್ತೆರಡು ವರ್ಷ ವಯಸ್ಸಿನಲ್ಲಿ ನಲುವತ್ತು ವರ್ಷ ಕೆಂಪು ಮುರಕಲ್ಲು ಕಡಿದವರು. ನಕ್ಷೆ ಓದಿ ಅಭ್ಯಾಸವಿಲ್ಲ, ಆದರೆ ಮುರಪದವಿನ ಒಂದೊಂದು ಗೇಣೂ ಅವರ ಅಂಗಾಲಿಗೆ ಗೊತ್ತು. ಬೆರಳನ್ನು ಕಾಗದದ ಮೇಲೆ ಮೆಲ್ಲಗೆ ನಡೆಸಿಕೊಂಡು ಹೋಗಿ ಒಂದು ಕಡೆ ನಿಲ್ಲಿಸಿದರು.

"ಈ ಬೂದು ಬಣ್ಣದ್ದು ಎಂತ?"

"ಪಾರ್ಕಿಂಗ್. ಮೂವತ್ತು ಕಾರು ನಿಲ್ಲುತ್ತದೆ."

"ಚಪ್ಪಲಿ ಬಿಡುವ ಜಾಗದಿಂದ ಈಚೆಗೋ, ಆಚೆಗೋ?"

"ಅದರ ಮೇಲೆಯೇ. ಅಲ್ಲಿ ಒಂದು ಹುಲ್ಲೂ ಇಲ್ಲ ಅಲ್ವಾ? ರೋಲರ್ ಬಿಟ್ಟರೆ ಒಂದೇ ದಿನದ ಕೆಲಸ."

ಇದ್ರೀಸ್ ಎದ್ದು ಕೈ ತೊಳೆದರು. ತಟ್ಟೆಯಲ್ಲಿ ಅರ್ಧ ಮೀನು ಹಾಗೆಯೇ ಉಳಿದಿತ್ತು. ಮೀನಿನ ಮುಳ್ಳನ್ನೂ ಬಿಡದ ಗಂಡಸು ಮೀನನ್ನೇ ಬಿಟ್ಟು ಎದ್ದದ್ದನ್ನು ಅವರ ಹೆಂಡತಿ ಜಮೀಲಾ ನೋಡಿದರು.

ಕಾಪುವಿನಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದೆ ಮುರಪದವು ಎಂಬ ಬೋಳು ಕಲ್ಲುಗುಡ್ಡ. ಅದರ ಇಳಿಜಾರಿನಲ್ಲಿ ಮುರಕಲ್ಲನ್ನೇ ಕೊರೆದು ಮಾಡಿದ ದುಂಡಗಿನ ಒಂದು ಕೋಣೆ ಉಂಟು. ಊರಿನವರು ಅದನ್ನು ಪಾಂಡವರ ಮನೆ ಎನ್ನುತ್ತಾರೆ. ನಾಲ್ಕು ವರ್ಷದ ಕೆಳಗೆ ಮಣಿಪಾಲದಿಂದ ಬಂದ ಪ್ರೊಫೆಸರೊಬ್ಬರು ಪಾಂಡವರೂ ಅಲ್ಲ, ಮನೆಯೂ ಅಲ್ಲ, ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತವರನ್ನು ಇಟ್ಟ ಜಾಗ ಎಂದು ಹೇಳಿ ಹೋದರು. ಪತ್ರಿಕೆಯಲ್ಲಿ ಬಂತು. ಅಲ್ಲಿಂದ ಶುರುವಾಯಿತು ಜನ ಬರುವುದು. ಬಂದವರು ಏನು ಮಾಡಿದರು? ಎರಡು ಸಾವಿರ ವರ್ಷ ಗೀರು ಬೀಳದ ಗೋಡೆಯ ಮೇಲೆ ಇದ್ದಿಲಿನಿಂದ ತಮ್ಮ ಪ್ರೇಮದ ಹೆಸರುಗಳನ್ನು ಬರೆದರು. ಬಿಯರ್ ಬಾಟಲಿಯನ್ನು ಒಳಗೇ ಒಡೆದರು.

ಇದನ್ನು ತಡೆದದ್ದು ಸರಕಾರವಲ್ಲ, ಜಾಬಿರನ ಹೆಂಡತಿ ರಿಝಾನಾ. ಕಾರ್ಕಳದ ಕಾಲೇಜಿನಲ್ಲಿ ಇತಿಹಾಸ ಓದಿದ ಹುಡುಗಿ. ಮದುವೆಯಾಗಿ ಬಂದ ಮೊದಲ ವರ್ಷವೇ ಬಾಟಲಿಯ ಚೂರುಗಳನ್ನು ಗೋಣಿಯಲ್ಲಿ ಹೆಕ್ಕಿ, ಭಾನುವಾರದ ನಡಿಗೆ ಎಂದು ಒಂದು ಏರ್ಪಾಡು ಮಾಡಿದಳು. ಒಂದು ಸಲಕ್ಕೆ ಹನ್ನೆರಡೇ ಜನ. ಗೋಡೆ ಮುಟ್ಟಬಾರದು. ತಂದ ಪ್ಲಾಸ್ಟಿಕ್ ವಾಪಸು ಒಯ್ಯಬೇಕು. ಮಧ್ಯಾಹ್ನದ ಊಟ ಜಮೀಲಾರ ಕೈಯದ್ದು, ಬಾಳೆ ಎಲೆಯಲ್ಲಿ. ಇನ್ನೊಂದು ನಿಯಮ ಮಾತ್ರ ಮಾವನದ್ದು. ಪಾಂಡವರ ಮನೆಯಿಂದ ಐವತ್ತು ಹೆಜ್ಜೆ ಆಚೆ ಬರಿದಾದ ಒಂದು ಜಾಗ ಉಂಟು. ಅದರ ಅಂಚಿನಲ್ಲಿ ಚಪ್ಪಲಿ ಬಿಡಬೇಕು. ಬರಿಗಾಲಿನಲ್ಲಿಯೂ ಅದನ್ನು ತುಳಿಯದೆ ಸುತ್ತಿಕೊಂಡು ಹೋಗಬೇಕು.

"ಯಾಕೆ ಬಾಪಾ?" ಎಂದು ರಿಝಾನಾ ಒಮ್ಮೆ ಕೇಳಿದ್ದಳು.

"ಹಿಂದಿನಿಂದ ಹಾಗೆ."

ಅವಳು ಬಂದವರಿಗೆಲ್ಲ ಇದು ಈ ಊರಿನ ಪದ್ಧತಿ ಎಂದು ಹೇಳಿಕೊಂಡು ಬಂದಳು. ಆ ಪದ್ಧತಿ ಊರಿನಲ್ಲಿ ಇಬ್ಬರೇ ಗಂಡಸರಿಗೆ ಗೊತ್ತಿತ್ತು ಎಂಬುದು ಅವಳಿಗೆ ತಿಳಿದಿರಲಿಲ್ಲ.

ಹನ್ನೆರಡು ಜನ ಬಂದರೆ ಏನೂ ಹಾಳಾಗುವುದಿಲ್ಲ. ಆದರೆ ಹನ್ನೆರಡು ಜನರಿಂದ ಯಾರಿಗೂ ಹೆಸರು ಬರುವುದಿಲ್ಲವಲ್ಲ! ಹಾಗಾಗಿ ಊರಿನಲ್ಲಿ ಒಂದು ಪ್ರವಾಸಿ ಅಭಿವೃದ್ಧಿ ಸಮಿತಿ ಹುಟ್ಟಿತು. ಹಾರ್ಡ್‌ವೇರ್ ಅಂಗಡಿಯ ಎಡ್ವಿನ್ ಅದರ ಅಧ್ಯಕ್ಷ. ಪಕ್ಕದ ಮನೆಯ ಸುಂದರನ ಮಗ ಪ್ರತೀಕ್ ಕಾರ್ಯದರ್ಶಿ. ಪಾರಂಪರಿಕ ತಾಣವನ್ನು ಉಳಿಸಲು ಹುಟ್ಟಿದ ಸಮಿತಿ ಮೊದಲು ಮಾಡಿದ ಕೆಲಸ ಹನ್ನೊಂದು ಗೇರುಮರ ಕಡಿದದ್ದು. ಕಾರಿಗೆ ದಾರಿ ಬೇಕಿತ್ತಂತೆ. ಎರಡನೆಯದು, ನಕ್ಷೆ ಬರೆಸಿ ಜಾಬಿರನಿಗೆ ಕೆಲಸ ಕೊಟ್ಟದ್ದು.

ಆ ನಕ್ಷೆ ನೋಡಿದ ಮೇಲೆ ಮೂರು ದಿನ ಇದ್ರೀಸ್ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೀರುದೋಸೆ ಬಡಿಸುತ್ತಿದ್ದ ಜಮೀಲಾ ಸೌಟು ಕೆಳಗಿಟ್ಟರು.

"ಎಂತ ಆಗಿದೆ ನಿಮಗೆ? ಹೊಟ್ಟೆನೋವಾ? ಡಾಕ್ಟರ ಹತ್ತಿರ ಹೋಗುವ, ಅದಲ್ಲದಿದ್ದರೆ ಬಾಯಿ ಬಿಟ್ಟು ಹೇಳಿ."

ಇದ್ರೀಸ್ ಮಗನ ಮುಖ ನೋಡಿದರು. "ಜಾಬಿರ್, ಆ ಜಾಗಕ್ಕೆ ರೋಲರ್ ಹಾಕಬೇಡ. ಅಡಿಯಲ್ಲಿ ಟೊಳ್ಳು ಉಂಟು."

"ಟೊಳ್ಳಾ?"

"ಪಾಂಡವರ ಮನೆಯ ಹಾಗಿದ್ದದ್ದೇ. ಅದಕ್ಕಿಂತ ದೊಡ್ಡದು. ತೊಂಬತ್ತೊಂದರಲ್ಲಿ ಅಲ್ಲಿ ಕಲ್ಲು ಕಡಿಯುವಾಗ ಪಿಕ್ಕಾಸು ಒಳಗೆ ಹೋಯಿತು. ನಾನು ಇಣುಕಿ ನೋಡಿದೆ. ಸಾಲಾಗಿ ಮಡಕೆಗಳು. ಎಲುಬು. ನಾನು ಕಬರು ಎಂದೆ. ಜೊತೆಗೆ ಸುಂದರಣ್ಣ ಇದ್ದರು, ಕೈ ಮುಗಿದರು. ಇಬ್ಬರೂ ಸೇರಿ ಚಪ್ಪಡಿ ಎಳೆದು ಮುಚ್ಚಿ ಮಣ್ಣು ಹಾಕಿದೆವು. ಸತ್ತವರನ್ನು ಕೆದಕಬಾರದು ಎಂದು ಯಾರಿಗೂ ಹೇಳಲಿಲ್ಲ."

ಸುಂದರ ಅದರ ಮರುದಿನ ಅಲ್ಲಿ ಒಂದು ಎಳನೀರ ಬೊಂಡ ಇಟ್ಟು ಬಂದಿದ್ದ. ಇದ್ರೀಸ್ ಸುತ್ತ ಕಲ್ಲಿನ ಅಂಚು ಕಟ್ಟಿದ್ದರು. ಹೀಗೆ ಇಬ್ಬರು ತಮ್ಮ ತಮ್ಮ ಮರ್ಯಾದೆಯಿಂದ ಅದನ್ನು ಕಾದರು. ತಪ್ಪು ಎಂದರೆ ಅದೇ. ಅಂದೇ ಯಾರಿಗಾದರೂ ಹೇಳಿದ್ದರೆ ಇಂದು ಒಂದು ಬೇಲಿ, ಒಂದು ಫಲಕ ಇರುತ್ತಿತ್ತು.

"ಮೂವತ್ತು ವರ್ಷಕ್ಕಿಂತ ಹೆಚ್ಚು ಬಾಯಿ ಮುಚ್ಚಿ ಕೂತವರಿಗೆ ನನ್ನ ಕೆಲಸ ಬಂದಾಗಲೇ ನೆನಪಾಯಿತಾ?" ಜಾಬಿರ್ ತಟ್ಟೆ ದೂಡಿದ. "ಗಲ್ಫಿನಲ್ಲಿ, ದಮ್ಮಾಮಿನ ಬಿಸಿಲಿಗೆ ಬೆಂದು ಅಂಗಳದಲ್ಲಿರುವ ಆ ಎರಡು ರೋಲರ್ ಮೆಶಿನ್ ತೆಗೆದದ್ದು ನಾನು. ಊರಿನಲ್ಲಿ ಸಿಕ್ಕಿದ ಮೊದಲ ದೊಡ್ಡ ಕೆಲಸ ಇದು. ಈಗ ಹೋಗಿ ಎಡ್ವಿನಿಗೆ ಎಂತ ಹೇಳುದು? ಅಪ್ಪನಿಗೆ ಕನಸು ಬಿತ್ತು ಎಂದಾ?"

"ಕನಸಲ್ಲ. ಸಾಕ್ಷಿ ಉಂಟು."

"ಎಲ್ಲಿ?"

ಇದ್ರೀಸ್ ಅಡುಗೆಮನೆಯ ಹಲಗೆಯ ಕಡೆ ಕೈ ತೋರಿಸಿದರು. ಅಲ್ಲಿ ಕಪ್ಪು ಬಾಯಿ, ಕೆಂಪು ಹೊಟ್ಟೆಯ ನುಣುಪಾದ ಒಂದು ಮಡಕೆ ಇತ್ತು. ಜಮೀಲಾ ಅದರಲ್ಲಿ ಕಲ್ಲುಪ್ಪು ಹಾಕಿಡುತ್ತಿದ್ದರು. ಎಂಥ ಆಟಿ ತಿಂಗಳ ಮಳೆಗೂ ಅದರಲ್ಲಿ ಉಪ್ಪು ನೀರಾದದ್ದಿಲ್ಲ. ಕಣ್ಣು ಮುಚ್ಚಿ ಅದಕ್ಕೆ ಕೈ ಹಾಕಿದರೆ ಎಷ್ಟು ಜನಕ್ಕೆ ಎಷ್ಟು ಉಪ್ಪು ಎಂಬ ಅಳತೆ ಅವರ ಬೆರಳಿಗೆ ಸಿಗುತ್ತಿತ್ತು.

"ಮಣ್ಣಿನೊಟ್ಟಿಗೆ ಅದೊಂದು ಮೇಲೆ ಬಂದಿತ್ತು. ಅಲ್ಲಿ ಬಿಟ್ಟರೆ ಒಡೆಯುತ್ತದೆ ಎಂದು ತಂದು ಅಟ್ಟದಲ್ಲಿ ಇಟ್ಟೆ. ಜಮೀಲಾ, ನೀನು ಯಾವಾಗ ಇಳಿಸಿ ಉಪ್ಪು ತುಂಬಿದಿಯೋ ಗೊತ್ತಿಲ್ಲ. ಆಮೇಲೆ ಹೇಳಲು ಧೈರ್ಯ ಬರಲಿಲ್ಲ."

ಜಮೀಲಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವರ ದನಿ ಸುಂದರನ ಮನೆಯವರೆಗೆ ಕೇಳಿತು.

"ಯಾ ಅಲ್ಲಾಹ್! ಕಬರಿನ ಪಾತ್ರೆಯ ಉಪ್ಪು ತಿನ್ನಿಸಿದಿರಾ ನನಗೆ? ನನ್ನ ಮಕ್ಕಳಿಗೆ? ರಂಝಾನಿನ ಗಂಜಿಗೆ ಹಾಕಿದ್ದು ಅದೇ ಉಪ್ಪು! ಪ್ರತೀ ಭಾನುವಾರ ಮಣಿಪಾಲದ ಡಾಕ್ಟರ್‌ಗಳಿಗೆ ಬಡಿಸಿದ್ದು ಅದೇ! ನಿಮ್ಮ ಬಾಯಿಗೆ ಬೀಗ ಹಾಕಿದ್ದು ಯಾರು ಮನುಷ್ಯರೇ?"

ರಿಝಾನಾ ಮಾತ್ರ ಮಡಕೆಯನ್ನು ಎರಡೂ ಕೈಯಲ್ಲಿ ಇಳಿಸಿ, ಉಪ್ಪನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಒಳಗೆ ಹೊರಗೆ ತಿರುಗಿಸಿ ನೋಡಿದಳು. "ಉಮ್ಮಾ, ಇಂಥದ್ದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು" ಎಂದಳು.

"ನೋಡು, ಚೆನ್ನಾಗಿ ನೋಡು" ಎಂದರು ಜಮೀಲಾ. "ಇನ್ನು ನನ್ನ ಉಪ್ಪು ಎಲ್ಲಿ ಇಡುದು ಎಂದೂ ಆ ಪುಸ್ತಕದಲ್ಲಿ ಹುಡುಕು."

ಸಂಜೆ ಇದ್ರೀಸ್ ಸುಂದರನ ಜಗಲಿಗೆ ಹೋದರು. ಸುಂದರ ತೆಂಗಿನಕಾಯಿ ಸುಲಿಯುತ್ತಿದ್ದ. ಅವನ ಹೆಂಡತಿ ಅಪ್ಪಿ ಚಾ ತಂದಿಟ್ಟಳು.

"ಬುಧವಾರ ಪಂಚಾಯತಿನಲ್ಲಿ ಮೀಟಿಂಗ್ ಉಂಟು ಸುಂದರಣ್ಣ. ನಾನು ಹೇಳ್ತೇನೆ. ನೀವು ಹೌದು ಎಂದರೆ ಸಾಕು."

ಸುಂದರ ಕಾಯಿಯ ಜುಟ್ಟು ಹಿಡಿದು ಪಕ್ಕಕ್ಕಿಟ್ಟ. "ಪ್ರತೀಕನಿಗೆ ಅಲ್ಲಿ ಜ್ಯೂಸ್ ಸ್ಟಾಲ್ ಕೊಡ್ತೇವೆ ಎಂದಿದ್ದಾರೆ ಮಾರಾಯ."

"ಸ್ಟಾಲ್ ಬೇಡ ಎಂದು ನಾನು ಹೇಳಿದೆನಾ? ಆ ಒಂದು ಜಾಗ ಬಿಡಲಿ, ಪಾರ್ಕಿಂಗ್ ಕೆಳಗೆ ರಸ್ತೆ ಬದಿಗೆ ಮಾಡಲಿ."

"ಆಯಿತು, ಬರ್ತೇನೆ" ಎಂದ ಸುಂದರ. ಅಪ್ಪಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಬುಧವಾರ ಅವನು ಬಂದ. ಬಂದು ಮೂರನೆಯ ಸಾಲಿನಲ್ಲಿ ಕೂತ. ಇದ್ರೀಸ್ ಎದ್ದು ನಿಂತು, ಅಭ್ಯಾಸವಿಲ್ಲದ ಸಭೆಯ ಕನ್ನಡದಲ್ಲಿ ಹೇಳಿದರು. ತಮ್ಮ ಪಿಕ್ಕಾಸು ಒಳಗೆ ಹೋದದ್ದು, ಅಲ್ಲಿ ಕಂಡದ್ದು, ಮುಚ್ಚಿದ್ದು. ಮಡಕೆ ನೇರ ಸರಕಾರದ ಕೈಗೇ ಹೋಗಬೇಕು ಎಂದು ರಿಝಾನಾ ಹೇಳಿದ್ದರಿಂದ ಅದನ್ನು ತಂದಿರಲಿಲ್ಲ. ಕೊನೆಗೆ ತಮಗೆ ತಿಳಿದ ಮಾತಿನಲ್ಲಿ, "ಅದು ಗೋರಿ. ಅದರ ಮೇಲೆ ಗಾಡಿ ನಿಲ್ಲಿಸುದು ಸರಿಯಲ್ಲ" ಎಂದರು.

ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಗೋರಿಯಂತೆ! ಇವತ್ತು ಗೋರಿ, ನಾಳೆ ಹಸಿರು ಚಾದರ, ನಾಡಿದ್ದು ಉರೂಸ್. ಜಾಗ ಹೊಡೆಯುದು ಹೀಗೆಯೇ."

ಕೆಲವರು ನಕ್ಕರು. ನಕ್ಕವರಲ್ಲಿ ಇದ್ರೀಸ್ ಕಡಿದ ಕಲ್ಲಿನಿಂದ ಮನೆ ಕಟ್ಟಿಕೊಂಡವರೂ ಇದ್ದರು. ಹೇಳಲೇಬೇಕು, ನಗದವರೂ ಏನೂ ಮಾತಾಡಲಿಲ್ಲ.

"ಅದು ನಮ್ಮವರ ಗೋರಿ ಅಲ್ಲ" ಎಂದರು ಇದ್ರೀಸ್. "ಯಾರದ್ದೂ ಅಲ್ಲ. ನಮಗೆಲ್ಲರಿಗಿಂತ ಹಿಂದಿನವರದ್ದು. ಸುಂದರಣ್ಣ, ಹೇಳಿ."

ಎಲ್ಲರೂ ಸುಂದರನ ಕಡೆ ತಿರುಗಿದರು. ವೇದಿಕೆಯ ಮೇಲೆ ಮಗ ಪ್ರತೀಕ್ ಪೆನ್ನು ಹಿಡಿದು ಕೂತಿದ್ದ. ಸುಂದರ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡು, "ನನಗೆ ಅಷ್ಟು ನೆನಪಿಲ್ಲ" ಎಂದ.

"ದಾಖಲೆ ಉಂಟಾ ನಿಮ್ಮ ಹತ್ತಿರ?" ಎಡ್ವಿನ್ ನಗುತ್ತಲೇ ಕೇಳಿದ. "ಇಲ್ಲ ಅಲ್ವಾ? ದಾಖಲೆ ಇಲ್ಲದ್ದಕ್ಕೆ ಪ್ರಾಜೆಕ್ಟ್ ನಿಲ್ಲಿಸಲು ಆಗುದಿಲ್ಲ ಇದ್ರೀಸ್ ಬ್ಯಾರಿಗಳೇ. ಮುಂದಿನ ವಿಷಯ."

ಆ ದಿನ ರಾತ್ರಿಯ ಊಟಕ್ಕೆ ಗಂಜಿ, ಚಟ್ನಿ. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಪ್ಲಾಸ್ಟಿಕ್ ಡಬ್ಬಿ ಬಂದ ಮೇಲೆ ಜಮೀಲಾರಿಗೆ ಕೈಯ ಅಳತೆ ತಪ್ಪಿತ್ತು.

"ನಾನು ಹೇಳಿದೆ, ಹೋಗಬೇಡಿ ಎಂದು" ಜಾಬಿರ್ ಶುರುಮಾಡಿದ. "ಈಗ ಊರಿಡೀ ಜಾಗ ಹೊಡೆಯುವವರು ಎಂದು ಹೆಸರಾಯಿತು. ವಾಟ್ಸಾಪಿನಲ್ಲಿ ಬಾಪನ ಫೋಟೋ ಹಾಕಿದ್ದಾರೆ."

"ಫೋಟೋ ಹಾಕಿದವರ ಮೇಲೆ ನಿಮಗೆ ಸಿಟ್ಟಿಲ್ಲ, ಸತ್ಯ ಹೇಳಿದವರ ಮೇಲೆ ಸಿಟ್ಟು" ಎಂದಳು ರಿಝಾನಾ.

"ನೀನು ಮಾತಾಡಬೇಡ. ನಿನ್ನ ಹನ್ನೆರಡು ಜನರಿಂದ ಈ ಮನೆ ನಡೆಯುದಿಲ್ಲ."

"ನಿಮ್ಮ ಮೂವತ್ತು ಕಾರು ಬಂದರೆ ನಡೆಯುತ್ತದಾ? ಕಾರಿನವರು ಬೇಡ ಎನ್ನುದಿಲ್ಲ ನಾನು. ನೋಡಲು ಬರುವ ವಸ್ತುವನ್ನೇ ಅರೆದು ಹಾಕಿದ ಮೇಲೆ ಅವರು ಎಂತ ನೋಡುದು? ನಿಮ್ಮ ಇಂಟರ್‌ಲಾಕಾ?"

ಜಾಬಿರ್ ಏಳಲು ಹೋದ. "ಕೂತ್ಕೋ" ಎಂದರು ಜಮೀಲಾ. "ಅನ್ನದ ಎದುರಿನಿಂದ ಎದ್ದು ಹೋಗುವ ಅಭ್ಯಾಸ ಈ ಮನೆಯಲ್ಲಿ ನಿನ್ನ ಬಾಪ ಒಬ್ಬರಿಗೆ ಸಾಕು." ಅವನು ಕೂತ.

ಮರುವಾರ ರಿಝಾನಾ ಮತ್ತು ಇದ್ರೀಸ್ ಮಡಕೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಉಡುಪಿಯ ಪುರಾತತ್ವ ಕಚೇರಿಗೆ ಹೋದರು. ಅಧಿಕಾರಿಯನ್ನು ಕಾಣಲು ಎರಡೂವರೆ ಗಂಟೆ ಬೆಂಚಿನಲ್ಲಿ ಕೂತರು. ಒಳಗೆ ಹೋದಾಗ ಅಧಿಕಾರಿ ಮಡಕೆ ನೋಡಿದರು, ಆಮೇಲೆ ಇದ್ರೀಸರನ್ನು ನೋಡಿದರು.

"ಎಷ್ಟು ವರ್ಷ ಇಟ್ಟುಕೊಂಡಿದ್ದೀರಿ ಇದನ್ನು?"

"ಮೂವತ್ತಮೂರು, ಮೂವತ್ತನಾಲ್ಕು."

"ಉಪ್ಪು ಹಾಕಿ ಪೂರ್ತಿ ಹಾಳು ಮಾಡಿದ್ದೀರಿ. ಇದು ಸರಕಾರದ ಸೊತ್ತು ಗೊತ್ತುಂಟಾ? ಪ್ರಾಚೀನ ವಸ್ತು ಕದ್ದ ಕೇಸು ಹಾಕಬಹುದು ನಿಮ್ಮ ಮೇಲೆ."

"ಕದ್ದವರು ಬೆಡ್‌ಶೀಟಿನಲ್ಲಿ ಸುತ್ತಿ ನಿಮ್ಮ ಮೇಜಿನ ಮೇಲೆ ತಂದಿಡ್ತಾರಾ ಸರ್?" ರಿಝಾನಾಳ ದನಿ ಏರಿತು. "ನಾವು ಬಂದದ್ದು ಇದರ ಜಾಗ ಉಳಿಸಿ ಎಂದು ಹೇಳಲಿಕ್ಕೆ. ಅಲ್ಲಿ ರೋಲರ್ ಬರ್ತದೆ."

"ಸೋಮವಾರ ಇನ್‌ಸ್ಪೆಕ್ಷನ್‌ಗೆ ಬರ್ತೇವೆ. ಅಲ್ಲಿವರೆಗೆ ಯಾರೂ ಕೈ ಹಾಕಬಾರದು ಎಂದು ಸಮಿತಿಗೆ ಫೋನ್ ಮಾಡಿ ಹೇಳ್ತೇನೆ. ಇದು ಇಲ್ಲಿರಲಿ."

"ಒಂದು ರಸೀದಿ?"

"ಎಂತ ರಸೀದಿ? ನಿಮ್ಮ ಸೊತ್ತಾ?"

ಅವರು ಖಾಲಿ ಬೆಡ್‌ಶೀಟು ಮಡಚಿಕೊಂಡು ಬಸ್ಸು ಹತ್ತಿದರು. ಮೂವತ್ತು ಕಾರು ನಿಲ್ಲಿಸಲು ರಾತ್ರಿ ಬೆಳಗಾಗುವುದರೊಳಗೆ ಅನುಮತಿ ಸಿಗುತ್ತದೆ, ಎರಡು ಸಾವಿರ ವರ್ಷದ ಮಡಕೆ ತಂದುಕೊಟ್ಟವನಿಗೆ ಒಂದು ಚೀಟಿ ಸಿಗುವುದಿಲ್ಲ. ಕಾಪು ಬರುವವರೆಗೆ ಇದ್ರೀಸ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ, "ಮೋಳೇ, ಕಳ್ಳ ಎಂದದ್ದನ್ನು ಮನೆಯಲ್ಲಿ ಹೇಳಬೇಡ" ಎಂದು ಸೊಸೆಗೆ ಹೇಳಿದರು.

ರಿಝಾನಾ ಹೇಳಿದಳು. ಹೊಸ್ತಿಲು ದಾಟಿದ ಕೂಡಲೇ ಹೇಳಿದಳು.

ಜಾಬಿರ್ ಆಗಷ್ಟೇ ಮಿಂದು ಬಂದು ಚಾ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, ಫೋನು ತೆಗೆದು, ಎಲ್ಲರ ಎದುರಿಗೇ ಎಡ್ವಿನಿಗೆ ಕರೆ ಮಾಡಿದ. "ನನ್ನ ರೋಲರ್ ಬರುದಿಲ್ಲ. ಹೌದು, ಯಾವಾಗಲೂ ಬರುದಿಲ್ಲ. ಕಾರಣ ಎಂತದು ಬೇಡ, ಬರುದಿಲ್ಲ ಅಷ್ಟೇ." ಫೋನು ಇಟ್ಟು ಅಪ್ಪನ ಮುಖ ನೋಡದೆ, "ನನಗೆ ಆ ಮಡಕೆಯೂ ಬೇಡ, ಗುಹೆಯೂ ಬೇಡ. ನನ್ನ ಬಾಪನನ್ನು ಯಾರೂ ಕಳ್ಳ ಎನ್ನಬಾರದು" ಎಂದು ಹೊರಗೆ ಹೋದ. ಎರಡು ಮೆಶಿನುಗಳಿಗೂ ತಾರ್ಪಾಲು ಹೊದಿಸಿ ಕಟ್ಟುವ ಸದ್ದು ಕತ್ತಲಾಗುವವರೆಗೆ ಕೇಳುತ್ತಿತ್ತು.

ಶುಕ್ರವಾರ ಹನ್ನೆರಡೂವರೆಗೆ ಇದ್ರೀಸ್ ಮತ್ತು ಜಾಬಿರ್ ಜುಮಾ ನಮಾಝಿಗೆ ಹೊರಟರು. ಜಮೀಲಾ ತುಪ್ಪದ ಅನ್ನ ನೈಚೋರು ಇಳಿಸಿ ಕೋಳಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಆಗ ಹಲಗೆಯ ಮೇಲಿನ ಸ್ಟೀಲ್ ಮುಚ್ಚಳಗಳು ತಾವಾಗಿಯೇ ಟಣಟಣ ಎಂದವು. ನೆಲ ಅದುರುತ್ತಿತ್ತು.

"ಉಮ್ಮಾ!" ರಿಝಾನಾ ಕಿಟಕಿಗೆ ಓಡಿದಳು. ಪದವಿನ ಮೇಲೆ ಹಳದಿ ರೋಲರ್. ಕಾರ್ಕಳದಿಂದ ತರಿಸಿದ್ದು. ಪಕ್ಕದಲ್ಲಿ ಎಡ್ವಿನನ ಜೀಪು, ಅದಕ್ಕೆ ಒರಗಿ ನಿಂತ ಪ್ರತೀಕ್.

ಅಧಿಕಾರಿಯ ಫೋನಿಗೆ, ಸೋಮವಾರದವರೆಗೆ ಕೈ ಹಾಕುವುದಿಲ್ಲ ಎಂದು ಒಪ್ಪಿದವರು ಇವರೇ. ಶುಕ್ರವಾರ ಆ ಹೊತ್ತಿಗೆ ಆ ಮನೆಯಲ್ಲಿ ಗಂಡಸರು ಇರುವುದಿಲ್ಲ ಎಂದು ಲೆಕ್ಕ ಹಾಕಿ ಬಂದವರೂ ಇವರೇ. ಹೆಂಗಸರು ಇರುತ್ತಾರೆ ಎಂಬುದು ಮಾತ್ರ ಅವರ ತಲೆಗೆ ಹೊಳೆಯಲಿಲ್ಲ.

ರಿಝಾನಾ ಫೋನು ಮಾಡಿದಳು. ಮಸೀದಿಯೊಳಗೆ ಯಾರೂ ಫೋನು ಎತ್ತುವ ಹೊತ್ತಲ್ಲ. ಕಚೇರಿಗೆ ಮಾಡಿದಳು. ಊಟದ ಸಮಯವಂತೆ. "ಎಂತ ಮಾಡುದು ಉಮ್ಮಾ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ!"

ಜಮೀಲಾ ಒಲೆ ಆರಿಸಿದರು. ತಲೆವಸ್ತ್ರ ಸರಿಮಾಡಿಕೊಂಡರು. "ಹಿತ್ತಿಲಿನಿಂದ ಬಾಳೆ ಎಲೆ ಕೊಯ್ದುಕೋ. ಚಾಪೆ ತೆಗೆ. ನಾನು ಅನ್ನದ ಪಾತ್ರೆ ಹಿಡಿಯುತ್ತೇನೆ."

"ಈಗ ಊಟವಾ?"

"ಹೌದು, ಈಗಲೇ."

ಇಬ್ಬರೂ ಪದವು ಹತ್ತಿದರು. ರೋಲರ್ ಆಚೆ ತುದಿಯಿಂದ ಒಂದು ಸುತ್ತು ಮುಗಿಸಿ ಈಚೆಗೆ ತಿರುಗುತ್ತಿತ್ತು. ಕಲ್ಲಿನ ಅಂಚಿನ ಒಂದು ಬದಿ ಪುಡಿಯಾಗಿತ್ತು. ಅದರ ಪಕ್ಕದ ನೆಲದಲ್ಲಿ ಕೈಯುದ್ದದ ಒಂದು ಬಿರುಕು ಬಿಟ್ಟು ಮಣ್ಣು ಒಳಗೆ ಜಾರುತ್ತಿತ್ತು. ರಿಝಾನಾ ಚಪ್ಪಲಿ ಬಿಟ್ಟು ಜಾಗದ ನಡುವಿಗೇ ಓಡಲು ಹೋದಳು.

"ಮೇಲೆ ಹೋಗಬೇಡ. ಬದಿಗೆ ಹಾಸು" ಎಂದರು ಜಮೀಲಾ. ರೋಲರ್ ಬರುವ ದಾರಿಗೆ ಅಡ್ಡವಾಗಿ ಚಾಪೆ ಹಾಸಿ, ಎಲೆ ಇಟ್ಟು, ಬಿಸ್ಮಿಲ್ಲಾ ಹೇಳಿ, ನೈಚೋರು ಬಡಿಸಿದರು. ತಾವೂ ಕೂತರು.

ಹತ್ತು ಅಡಿ ದೂರದಲ್ಲಿ ರೋಲರ್ ನಿಂತಿತು. ಚಾಲಕ ಜೋಕಿಮ್ ಇಳಿದು ಬಂದ. ಐವತ್ತು ದಾಟಿದ ಮನುಷ್ಯ.

"ಎಂತ ಬಾಯಮ್ಮ ಇದು? ಏಳಿ, ನನಗೆ ಕೆಲಸ ಉಂಟು."

"ಊಟ ಆಗ್ತಾ ಉಂಟು. ನೀವು ಊಟ ಮಾಡಿದಿರಾ?"

"ಇಲ್ಲ."

"ಹಾಗಾದರೆ ಕೂತ್ಕೊಳ್ಳಿ. ಆ ಬಿರುಕು ನೋಡಿಕೊಂಡು ಕೂತ್ಕೊಳ್ಳಿ. ಇನ್ನು ಎರಡು ಮಾರು ಮುಂದೆ ಬಂದರೆ ನೀವೂ ನಿಮ್ಮ ಮೆಶಿನೂ ಒಳಗೆ."

ಜೋಕಿಮ್ ಬಿರುಕಿನ ಹತ್ತಿರ ಹೋಗಿ ಒಂದು ಕಲ್ಲು ಹಾಕಿ ನೋಡಿದ. ಅದು ಬಿದ್ದ ಸದ್ದು ಸ್ವಲ್ಪ ತಡವಾಗಿ ಕೇಳಿಸಿತು. ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಬಂದು ಇಂಜಿನ್ ಆರಿಸಿದ. "ಕಾರ್ಕಳದಲ್ಲಿ ಇದು ಗಟ್ಟಿ ನೆಲ ಎಂದಿದ್ದರು" ಎಂದು ಎಡ್ವಿನನ ಕಡೆ ತಿರುಗಿ ಕೂಗಿದ.

ಎಡ್ವಿನ್ ಬಂದ. ನಗು ಇನ್ನೂ ಮುಖದಲ್ಲೇ ಇತ್ತು. "ಜಮೀಲಾಬಾಯಿ, ಹೆಂಗಸರ ಜೊತೆ ನನಗೆ ಮಾತು ಬೇಡ. ನಿಮ್ಮ ಗಂಡ ಬರಲಿ."

"ಗಂಡ ಇಲ್ಲದ ಹೊತ್ತು ನೋಡಿ ಬಂದವರು ನೀವು. ಹೆಂಗಸರ ಜೊತೆಯೇ ಮಾತಾಡಬೇಕು ಈಗ" ಎಂದರು ಜಮೀಲಾ. ಮೂವತ್ತೈದು ವರ್ಷ ಆ ಊರಿನಲ್ಲಿ ಅವರ ದನಿ ಇಷ್ಟು ಜನರ ಎದುರು ಎದ್ದದ್ದಿಲ್ಲ. "ಸೋಮವಾರ ಎಂದು ಮಾತು ಕೊಟ್ಟದ್ದು ಯಾವ ಬಾಯಿಯಿಂದ? ಗೇರುಮರ ಕಡಿದಿರಿ, ಸುಮ್ಮನಿದ್ದೆವು. ನನ್ನ ಗಂಡನಿಗೆ ಜಾಗ ಹೊಡೆಯುವವ ಎಂದಿರಿ. ನೋಡಿ, ಇದರಲ್ಲಿ ಒಂದು ಚಾಪೆಯ ಜಾಗವೂ ನಮಗೆ ಬೇಡ. ನಾನು ಕೂತದ್ದು ಸಹ ಅಂಚಿನಲ್ಲಿ. ಒಳಗಿದ್ದವರು ಯಾರ ಅಜ್ಜನೋ, ಯಾರ ಅಜ್ಜಿಯೋ! ನಿಮ್ಮದೇ ಇರಬಹುದು. ಅವರ ತಲೆಯ ಮೇಲೆ ಕಾರು ನಿಲ್ಲಿಸಲಿಕ್ಕೆ ನಾಚಿಕೆ ಆಗುದಿಲ್ವಾ?"

"ಒಬ್ಬ ಸಾಕ್ಷಿ ಇಲ್ಲ. ಸುಮ್ಮನೆ ಕಥೆ."

ಆಗ ಕೆಳಗಿನ ತೋಟದ ಕಡೆಯಿಂದ ಸುಂದರ ಏರಿ ಬರುತ್ತಿದ್ದ. ಬರಿ ಪಂಚೆ, ಹೆಗಲಿಗೆ ಬೈರಾಸು. ಅಂಚಿಗೆ ಬಂದು ಚಪ್ಪಲಿ ಬಿಟ್ಟ. ಬರಿದಾದ ಜಾಗವನ್ನು ಸುತ್ತಿಕೊಂಡು ಬಂದು ಚಾಪೆಯ ತುದಿಯಲ್ಲಿ ಕೂತ. ಪ್ರತೀಕ್ ಜೀಪು ಬಿಟ್ಟು ಓಡಿ ಬಂದ.

"ಅಪ್ಪಾ, ನೀವು ಯಾಕೆ ಇಲ್ಲಿ? ಮನೆಗೆ ನಡೆಯಿರಿ."

"ಮನೆಯಲ್ಲಿ ನನಗೆ ಊಟ ಇಲ್ಲ" ಎಂದ ಸುಂದರ. "ಮೀಟಿಂಗಿನಿಂದ ಬಂದ ದಿನದಿಂದ ನಿನ್ನ ಅಮ್ಮ ನನ್ನ ಹತ್ತಿರ ಮಾತಾಡಲಿಲ್ಲ. ಇವತ್ತು ಈ ಮೆಶಿನ್ ಸದ್ದು ಕೇಳಿ ಅನ್ನದ ಪಾತ್ರೆ ಮುಚ್ಚಿಟ್ಟಳು. ನೆನಪಾದ ಮೇಲೆ ಬಾ ಎಂದಳು."

ಆಮೇಲೆ ಅವನು ತಲೆ ಎತ್ತಿ ಎಡ್ವಿನನನ್ನು ನೋಡಿದ. "ನೆನಪಾಗಿದೆ. ಇದ್ರೀಸ್ ಸಭೆಯಲ್ಲಿ ತನ್ನ ಪಿಕ್ಕಾಸು ಎಂದ. ಸುಳ್ಳು. ಪಿಕ್ಕಾಸು ನನ್ನದು, ಬೀಸಿದ ಕೈ ನನ್ನದು. ಮೊದಲು ಇಣುಕಿದ್ದು ಸಹ ನಾನು. ಆ ಮಡಕೆ ಒಡೆಯಬಾರದು ಎಂದು ಮಣ್ಣಿನಿಂದ ಎತ್ತಿ ಅವನ ಕೈಗೆ ಕೊಟ್ಟವ ನಾನು. ನನ್ನನ್ನು ಎಳೆಯಬಾರದು ಎಂದು ಅವನು ಎಲ್ಲ ತನ್ನ ಮೇಲೆ ಹಾಕಿಕೊಂಡ. ನಾನು ಅಲ್ಲಿ ಕೂತು ಕಾಲಿನ ಬೆರಳು ನೋಡಿದೆ." ಅವನು ಮಗನ ಕಡೆ ತಿರುಗಿದ. "ಪ್ರತೀಕ, ನೀನು ಕಾರ್ಯದರ್ಶಿ ಅಲ್ವಾ? ಪೆನ್ನು ಉಂಟಲ್ಲ? ಬರೆ. ಸಾಕ್ಷಿ ಸುಂದರ. ಕಳ್ಳ ಎಂದು ಬರೆಯುದಾದರೆ ಅಲ್ಲಿಯೂ ನನ್ನ ಹೆಸರನ್ನೇ ಮೊದಲು ಬರೆ."

ಪ್ರತೀಕ್ ಬರೆಯಲಿಲ್ಲ. ಎಡ್ವಿನ್ ಯಾರಿಗೋ ಫೋನು ಮಾಡುತ್ತ ಜೀಪಿನ ಕಡೆ ನಡೆದ. ಕೆಳಗಿನ ದಾರಿಯಲ್ಲಿ ನಮಾಝು ಮುಗಿಸಿ ಬರುತ್ತಿದ್ದ ಇದ್ರೀಸರ ಬಿಳಿ ಟೊಪ್ಪಿ ಕಂಡಿತು. ಅವರಿಗಿಂತ ಮುಂದೆ ಜಾಬಿರ್ ಓಡಿ ಬರುತ್ತಿದ್ದ.

ಜಮೀಲಾ ಸುಂದರನ ಮುಂದೆ ಎಲೆ ಇಟ್ಟು, ನೀರು ಚಿಮುಕಿಸಿ, ಅನ್ನ ಬಡಿಸಿ ಸಾರು ಹಾಕಿದರು. ಜೋಕಿಮ್ ಕೂಡ ಕೈ ತೊಳೆದು ಬಂದು ಕೂತ. ಸುಂದರ ಕಣ್ಣೊರೆಸಿಕೊಂಡು ಒಂದು ತುತ್ತು ಬಾಯಿಗಿಟ್ಟ. ಏನಾದರೂ ಮಾತಾಡಬೇಕಿತ್ತು ಅವನಿಗೆ.

"ಉಪ್ಪು ಸ್ವಲ್ಪ ಕಡಿಮೆ ಆಯಿತಲ್ಲ ಜಮೀಲಾ?"

"ಉಪ್ಪಿನ ಮಡಕೆ ಉಡುಪಿಯ ಕಚೇರಿಯಲ್ಲಿ ಉಂಟು" ಎಂದರು ಜಮೀಲಾ. "ಸೋಮವಾರ ಆ ಸಾಹೇಬರು ಬರ್ತಾರಲ್ಲ, ಉಪ್ಪಿನ ಲೆಕ್ಕ ಅವರ ಹತ್ತಿರವೇ ಇಲ್ಲಿ ಕೂತು ಕೇಳಿ. ಅಲ್ಲಿವರೆಗೆ ಯಾರೂ ಏಳಬೇಡಿ. ಇನ್ನೂ ಸ್ವಲ್ಪ ಅನ್ನ ಹಾಕ್ತೇನೆ."